ಕೆರೆಯಲ್ಲಿ ಸಿಕ್ಕ ರಿಮ್ಮು

“ಗುರುಗಳೇ, ಕರುಣೆಯಿಂದ ಹೇಳಿದ ಸುಳ್ಳೂ ಪಾಪವೇ?” ಎಂದು ಶಿಷ್ಯ ಕೇಳಿದ. ಅಂದು ಬೆಳಿಗ್ಗೆ ಅವನು ಉಳಿಯಲಾರದ ರೋಗಿಯೊಬ್ಬನಿಗೆ ‘ಗುಣವಾಗುತ್ತೀರಿ’ ಎಂದು ಹೇಳಿ ಬಂದಿದ್ದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಸೈಕಲ್ ರಿಪೇರಿಯವನಿದ್ದ. ಹಳೆಯ ಕಾಲದ ರಿಮ್ಮುಗಳನ್ನು ಸರಿಪಡಿಸುವುದರಲ್ಲಿ ಅವನದು ಎತ್ತಿದ ಕೈ. ತುಕ್ಕು ತಿಂದ ರಿಮ್ಮನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಡೊಂಕು ತೆಗೆದು ಹೊಸದರಂತೆ ಮಾಡುತ್ತಿದ್ದ. ಕಡ್ಡಿ ಕೂರಿಸುವ ತೂತುಗಳನ್ನು ಎಣಿಸಿ, ರಿಮ್ಮಿನ ಎರಡು ತುದಿ ಕೂಡಿಸಿದ ಜಾಗವನ್ನು ಬೆರಳಿನಿಂದ ಸವರಿ, ಅದು ಯಾವ ಕಾಲದ್ದು, ಯಾವ ದೇಶದ್ದು ಎಂದು ಹೇಳಿಬಿಡುತ್ತಿದ್ದ. ರಿಮ್ಮಿನ ವಿಷಯದಲ್ಲಿ ಅವನು ಹೇಳಿದ ಮೇಲೆ ಎರಡನೆಯ ಮಾತಿರಲಿಲ್ಲ.

ಒಂದು ದಿನ ಒಬ್ಬ ಹೆಂಗಸು ಚಿಕ್ಕ ಮಗಳ ಕೈ ಹಿಡಿದು ಬಂದಳು. ಅವಳ ಗಂಡ ಸೈಕಲ್ ಹತ್ತಿ ಹೋದವನು ವರ್ಷವಾದರೂ ಮನೆಗೆ ಮರಳಿರಲಿಲ್ಲ. ಕೆರೆಯಲ್ಲಿ ಮೀನು ಹಿಡಿಯುವವರ ಬಲೆಗೆ ಒಂದು ರಿಮ್ಮು ಸಿಕ್ಕಿತ್ತು. ಅದನ್ನು ರಿಪೇರಿಯವನ ಮುಂದಿಟ್ಟು, “ಅಣ್ಣಾ, ಇದು ನಮ್ಮ ಯಜಮಾನರದೇ? ನೋಡಿ ಹೇಳಿ,” ಎಂದಳು.

ಅವನು ಕೆಸರು ತೊಳೆದು ತುಕ್ಕು ಉಜ್ಜಿದ. ಕೂಡಿಸಿದ ಜಾಗದಲ್ಲಿ ಹಿತ್ತಾಳೆಯ ಬೆಸುಗೆ ಹಳದಿಯಾಗಿ ಕಂಡಿತು. ಬಿರುಕು ಬಿಟ್ಟಿದ್ದ ಆ ರಿಮ್ಮಿಗೆ ಬೆಸುಗೆ ಹಾಕಿ ಅವಳ ಗಂಡನ ಕೈಗೆ ಕೊಟ್ಟವನು ಅವನೇ. ತಲೆಯೆತ್ತಿದ. ಅವಳ ಹಣೆಯಲ್ಲಿ ಕುಂಕುಮವಿತ್ತು. ಅವನು ಬೆಸುಗೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದ.

“ಅಲ್ಲ ತಾಯಿ, ಇದು ಬೇರೆ ಯಾರದ್ದೋ,” ಎಂದ.

ಅವಳು ಕೈಮುಗಿದು ಹೋದಳು. ಆ ಕೆರೆಯಲ್ಲಿ ಯಾರೂ ಹುಡುಕಲಿಲ್ಲ. ಗಂಡ ಬದುಕಿದ್ದಾನೆಂದು ನಂಬಿದ ಅವಳು, ಅಂಥವನೊಬ್ಬನನ್ನು ಇಂಥ ಊರಲ್ಲಿ ಕಂಡೆವೆಂದು ಯಾರು ಹೇಳಿದರೂ ಮಗಳನ್ನು ನೆರೆಯವರ ಮನೆಯಲ್ಲಿ ಬಿಟ್ಟು ಆ ಊರಿಗೆ ಹೊರಟುಬಿಡುತ್ತಿದ್ದಳು. ಹೀಗೆ ಒಮ್ಮೆ ಹೋಗಿದ್ದಾಗ ಮಗುವಿಗೆ ಜ್ವರ ಬಂತು. ತಾಯಿ ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಮರಳುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಐದು ದಿನವಾಗಿತ್ತು.

ಮೂರನೆಯ ಬೇಸಿಗೆಗೆ ಕೆರೆ ಬತ್ತಿತು. ಕೆಸರಿನಲ್ಲಿ ಎಲುಬುಗಳಿದ್ದವು. ಪಕ್ಕದಲ್ಲಿ ಅವಳ ಗಂಡನ ಸೈಕಲ್ಲು ಬಿದ್ದಿತ್ತು. ಅದಕ್ಕೆ ಮುಂದಿನ ಗಾಲಿ ಇರಲಿಲ್ಲ.

ಅವಳು ಅಂಗಡಿಗೆ ಬಂದು ನಿಂತಳು. “ನಿಮಗೆ ಅವತ್ತೇ ಗೊತ್ತಾಗಿತ್ತೇ?” ಎಂದಳು.

“ನೀನು ತಡೆದುಕೊಳ್ಳಲಾರೆ ಎಂದುಕೊಂಡೆ, ತಾಯಿ.”

ಅವಳು ಅಳಲಿಲ್ಲ, ಶಪಿಸಲೂ ಇಲ್ಲ. ಸ್ವಲ್ಪ ಹೊತ್ತು ಅವನ ಕೈಗಳನ್ನೇ ನೋಡಿ ಹೊರಟುಹೋದಳು. ಆಮೇಲೂ ಅವನು ಹೊಟ್ಟೆಪಾಡಿಗೆ ರಿಮ್ಮು ಉಜ್ಜುತ್ತಲೇ ಇದ್ದ. ಆದರೆ ಇದು ಯಾವುದೆಂದು ಯಾರಾದರೂ ಕೇಳಿದರೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮೆಲ್ಲನೆ, “ಆದರೂ ಅವಳ ಮೇಲಿನ ಕರುಣೆಯಿಂದಲೇ ಅಲ್ಲವೇ ಅವನು ಹಾಗೆ ಹೇಳಿದ್ದು?” ಎಂದ.

“ಅಂದು ತಡೆದುಕೊಳ್ಳಲಾರದೆ ಹೋದವರು ಯಾರಪ್ಪಾ?” ಎಂದರು ಗುರುಗಳು.