ಒಂಬತ್ತನೆಯ ಸಂಪುಟ

“ಗುರುಗಳೇ, ಒಂದು ದೊಡ್ಡ ಕತೆಯನ್ನು ಪೂರ್ತಿ ಓದಿ ಮುಗಿಸಿದವನು ತನಗೆ ತಾನೇ ಒಂದು ಚೆಂದದ ಪುಸ್ತಕವನ್ನು ಬಹುಮಾನ ಕೊಟ್ಟುಕೊಂಡರೆ ತಪ್ಪೇನ್ರಿ?”

ಶಿಷ್ಯ ಕೊಟ್ರಯ್ಯ ಕೇಳಿದ್ದು ಹೀಗೆ. ಕೇಳಿದ ಧಾಟಿಯಲ್ಲಿ ಪ್ರಶ್ನೆಗಿಂತ ಜಗಳವೇ ಹೆಚ್ಚಿತ್ತು. ಮಠದ ಪುಸ್ತಕದ ಕೋಣೆಯಲ್ಲಿದ್ದ ಮಾಯಾಲೋಕದ ಕತೆಯ ಆರು ಸಂಪುಟಗಳನ್ನು ಅವನು ಮೂರು ತಿಂಗಳಲ್ಲಿ ಓದಿ ಮುಗಿಸಿದ್ದ. ಮುಗಿಸಿದ ಖುಷಿಗೆ ಪೇಟೆಯಿಂದ ಚಿತ್ರಗಳ ಪುಸ್ತಕವೊಂದನ್ನು ತರಿಸಿಕೊಂಡಿದ್ದ. ಅದನ್ನು ನೋಡಿದ ದಿನದಿಂದ ಜೊತೆಯ ಶಿಷ್ಯ ಅಡವೆಯ್ಯ ಅವನೊಡನೆ ಮಾತು ಬಿಟ್ಟಿದ್ದ. ಹೊಟ್ಟೆಕಿಚ್ಚು, ಇನ್ನೇನು, ಎಂದು ಕೊಟ್ರಯ್ಯ ಒಳಗೊಳಗೇ ಕುದಿಯುತ್ತಿದ್ದ. ಈಗಲೂ ಅಡವೆಯ್ಯ ಹೊರಗೆ ಬಾವಿಯಿಂದ ನೀರು ಸೇದುತ್ತಿದ್ದ. ರಾಟೆಯ ಸದ್ದು ಬೇಕೆಂದೇ ಮಾಡಿದಂತೆ ಕೇಳಿಸುತ್ತಿತ್ತು.

ಗುರುಗಳು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ನೋಡಿದರು. “ಚೆಂದ ಐತಿ” ಎಂದು ಪಕ್ಕಕ್ಕಿಟ್ಟರು. ಆಮೇಲೆ ಕತೆ ಹೇಳಿದರು.

ಒಬ್ಬ ನೇಕಾರ. ಅವನು ಕುಣಿಮಗ್ಗಕ್ಕೆ ಇಳಿದು ಸೀರೆ ನೇಯುವುದು, ಹೆಂಡತಿ ಕಂಡಿಕೆಗೆ ನೂಲು ಸುತ್ತಿ ಕೊಡುವುದು, ಇದು ಆ ಮನೆಯ ನಡೆ. ಅವನಿಗೆ ಓದು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಒಮ್ಮೆ ಒಂಬತ್ತು ಸಂಪುಟಗಳ ಒಂದು ಅದ್ಭುತ ಕತೆ ಅವನ ಕೈಗೆ ಸಿಕ್ಕಿತು. ನೆರಳು ಕಳೆದುಕೊಂಡ ರಾಜಕುಮಾರಿಯೊಬ್ಬಳು ಕೋಟೆ ಕೋಟೆ ದಾಟುತ್ತ ತನ್ನ ನೆರಳನ್ನು ಹುಡುಕುವ ಕತೆ. ಆದರೆ ಪುಸ್ತಕ ಹಿಡಿದ ಕೈ ಲಾಳಿ ಎಸೆಯಲಾರದು. ಅದಕ್ಕೆ ಹೆಂಡತಿಯೇ ಹೇಳಿದಳು: “ನೀವು ಓದ್ರಿ, ನಾ ನೇಯ್ತೀನಿ.”

ಅಂದಿನಿಂದ ಅವಳು ಮಗ್ಗಕ್ಕೆ ಇಳಿದಳು, ಅವನು ಎದುರಿನ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತ. ಕಂಡಿಕೆಯನ್ನೂ ಬೆಳಗಾಗುವ ಮೊದಲೇ ಎದ್ದು ಅವಳೇ ಸುತ್ತಿಟ್ಟುಕೊಳ್ಳುತ್ತಿದ್ದಳು. ಅವನು ಓದುವನು, ಅವಳು ಹೂಂಗುಟ್ಟುವಳು. ರಾಜಕುಮಾರಿಗೆ ಕಷ್ಟ ಬಂದಾಗ ಮಗ್ಗ ತಾನಾಗಿ ನಿಲ್ಲುತ್ತಿತ್ತು. “ಇವತ್ತಿಗೆ ಸಾಕು” ಎಂದು ಅವನು ಪುಸ್ತಕ ಮಡಚಿದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಹೀಗೆ ಎರಡು ವರ್ಷದಲ್ಲಿ ಎಂಟು ಸಂಪುಟಗಳಾದವು.

ಆ ಕಡೆ ಒಂದು ರೂಢಿಯಿತ್ತು. ಕತೆಯ ಓದು ಮುಗಿದ ದಿನ ಕೇಳಿದವರು ಪುಸ್ತಕಕ್ಕೆ ಹೊಸ ಬಟ್ಟೆ ಸುತ್ತಿ, ಓದಿದವನಿಗೆ ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡಬೇಕು. ಒಂಬತ್ತನೆಯ ಸಂಪುಟ ಇನ್ನೇನು ಶುರುವಾಗಬೇಕು, ಆಗ ಗಂಡ ಸೀರೆ ಮಾರಲು ಪೇಟೆಗೆ ಹೊರಟ. ಅವನಿಲ್ಲದ ಹೊತ್ತು ನೋಡಿ ಅವಳು ಮಗ್ಗದ ಹಾಸಿನ ಕೊನೆಗೆ ಮಿಕ್ಕ ನೂಲಿನಲ್ಲಿ ಪುಸ್ತಕಕ್ಕೆಂದು ಒಂದು ವಸ್ತ್ರ ನೇಯ್ದಳು. ಗಂಡನ ಚೀಲದಲ್ಲಿ ಒಂಬತ್ತನೆಯ ಸಂಪುಟವೂ ಇತ್ತು. ಅದೇಕೆ ಎಂದು ಅವಳು ಕೇಳಿರಲಿಲ್ಲ. ನಾನಾಗಿದ್ದರೆ ಕೇಳುತ್ತಿದ್ದೆ.

ದಾರಿಯಲ್ಲಿ ಅವನು ಹುಣಸೆಮರದ ಕೆಳಗೆ ಕೂತು ಒಂದು ಪುಟ ಓದಿದ. ಒಂದು ಹತ್ತಾಯಿತು, ಹತ್ತು ನೂರಾಯಿತು. ಕೊನೆಯ ಪುಟ ಮುಗಿದಾಗ ಹೊತ್ತು ನೆತ್ತಿ ದಾಟಿತ್ತು. ಒಂಬತ್ತು ಸಂಪುಟ! ಊರಲ್ಲಿ ಬೇರೆ ಯಾರು ಓದಿದ್ದಾರೆ? ತನ್ನ ಬೆನ್ನು ತಾನೇ ತಟ್ಟಿಕೊಂಡ. ಪೇಟೆಯಲ್ಲಿ ಸೀರೆ ಮಾರಿಹೋಯಿತು. ಆ ದುಡ್ಡಿನಲ್ಲಿ ಮನೆಗೆ ಜೋಳ ಬರಬೇಕಿತ್ತು, ಪುಸ್ತಕ ಬಂತು. ಕೆಂಪು ಮಕಮಲ್ಲಿನ ರಟ್ಟು, ಹೊನ್ನಿನ ಬಣ್ಣದ ಅಂಚು, ಪುಟಪುಟಕ್ಕೂ ಚಿತ್ರ.

ಮನೆಗೆ ಬಂದಾಗ ಅವಳು ಹೊಸ ವಸ್ತ್ರವನ್ನು ಮಡಿಸುತ್ತಿದ್ದಳು. ಅವನು ಪುಸ್ತಕ ತೋರಿಸಿದ. “ಕತಿ ಮುಗಿಸಿದ್ದಕ್ಕ ನನಗ ನಾನೇ ಕೊಟ್ಕೊಂಡೆ. ಹೆಂಗೈತಿ?”

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಮುಗಿಸಿದ್ರಾ?”

“ಹೂಂ. ನೆರಳು ಸಿಕ್ತು ಬಿಡು ಆಕಿಗೆ. ನಾಳೆ ನಿನಗೂ ಓದಿ ಹೇಳ್ತೀನಿ, ಅದಕ್ಯಾಕ ಮುಖ ಹಂಗ ಮಾಡ್ತಿ?”

ನೋಡಿದೆಯಾ ಅವನ ಬಾಯಿ! ಎರಡು ವರ್ಷ ಮಗ್ಗ ತುಳಿದವಳ ಮುಂದೆ ಕತೆಯ ಕೊನೆಯನ್ನು ಅಗಿದ ಎಲೆಯಂತೆ ಉಗಿದುಬಿಟ್ಟ. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

“ನಿಮಗ ಗೊತ್ತಾದದ್ದನ್ನ ನನಗ ಹೇಳಾಕ ಬರಬ್ಯಾಡ್ರಿ. ಮುಂದೇನಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅದಕ್ಕಂತ ನಾ ಕಾಲು ಸೋಲೋ ಹಂಗ ತುಳಿದೆ. ಕಡೀ ದಿನ ಇಬ್ಬರದೂ ಇತ್ತು. ಅದನ್ನ ನೀವೊಬ್ಬರೇ ನುಂಗಿದ್ರಿ. ನಿಮ್ಮ ಮಗ್ಗ ಇನ್ನ ನೀವೇ ತುಳೀರಿ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಒಲೆಯ ಮೇಲಿನ ಸುಡುವ ಗಡಿಗೆಯನ್ನು ಆ ಹೊಸ ವಸ್ತ್ರದಲ್ಲಿ ಹಿಡಿದು ಇಳಿಸಿದಳು. ಅದು ಅಂದಿನಿಂದ ಮಸಿಬಟ್ಟೆಯಾಯಿತು. ಮರುದಿನ ಅವಳು ಮೊದಲಿನಂತೆ ಕಂಡಿಕೆ ಸುತ್ತಲು ಕೂತಳು, ಅವನು ಮಗ್ಗಕ್ಕೆ ಇಳಿದ. ಮಕಮಲ್ಲಿನ ಪುಸ್ತಕ ಕಟ್ಟೆಯ ಮೇಲೆಯೇ ಇತ್ತು. ಅದನ್ನು ಬಿಚ್ಚಿ ನೋಡಲು ಅವನಿಗೆ ಕೈ ಬಿಡುವಾಗಲೇ ಇಲ್ಲ.

ಗುರುಗಳು ಕತೆ ಮುಗಿಸಿದರು. ಕೊಟ್ರಯ್ಯನ ಮುಖ ಕೆಂಪಾಗಿತ್ತು. ತಾನು ಬಂದದ್ದು ಯಾಕೆ ಎಂಬುದೇ ಅವನಿಗೆ ಮರೆತುಹೋಗಿತ್ತು.

“ಎಂಥಾ ಮನುಷ್ಯಾರೀ ಅವ! ಆಕಿ ದುಡಿದಳು ಅಂತ ಇವ ಓದಿದ. ನಾಚಿಕಿಲ್ಲದ ಬಹುಮಾನ ಬ್ಯಾರೆ! ಆಕಿ ಬರೇ ಬೈದು ಬಿಟ್ಟಳಲ್ಲ ಗುರುಗಳೇ, ನಾನಾಗಿದ್ದರ ಆ ಪುಸ್ತಕಾನೇ ಒಲಿಗೆ ಹಾಕ್ತಿದ್ದೆ.”

ಹೊರಗೆ ರಾಟೆ ಮತ್ತೆ ಕಿರುಗುಟ್ಟಿತು. ಗುರುಗಳು ಚಿತ್ರಗಳ ಪುಸ್ತಕವನ್ನು ಎತ್ತಿ ಅವನ ಕೈಯಲ್ಲಿಟ್ಟರು.

“ಮೂರು ತಿಂಗಳಿಂದ ಅಡವೆಯ್ಯ ಸೇದ್ತಿರೋದು ಯಾರ ಪಾಳಿಯ ನೀರು, ಕೊಟ್ರಯ್ಯಾ?”