ಅಂಕದಲ್ಲಿ ಗೆದ್ದ ಸ್ವಿಚ್ಚು

ಒಂದು ಕಾಲೇಜಿನ ಪ್ರವೇಶ ಕಚೇರಿಯಲ್ಲಿ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಮೂರು ನೆಟ್‌ವರ್ಕ್ ಸ್ವಿಚ್ಚುಗಳು ಒಂದರ ಮೇಲೊಂದು ಕುಳಿತು, ಒಂದೇ ಯಂತ್ರದಂತೆ ದುಡಿಯುತ್ತಿದ್ದವು. ಯಾವ ಕೌಂಟರಿನ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂಬ ನಿಯಮಗಳನ್ನು ಹಿರಿಯ ಸ್ವಿಚ್ಚು ಇಟ್ಟುಕೊಂಡಿತ್ತು; ಉಳಿದೆರಡು ಅದರಿಂದ ನಕಲು ಮಾಡಿಕೊಳ್ಳುತ್ತಿದ್ದವು. ಪ್ರವೇಶದ ಕೊನೆಯ ದಿನ ನೂಕುನುಗ್ಗಲು ಹೆಚ್ಚಾಗಿ, ಬೇರೊಂದು ಕಚೇರಿಯಿಂದ ನಾಲ್ಕನೆಯದನ್ನು ತಂದರು.

“ಪವರ್ ಆಫ್ ಮಾಡಿಕೊಂಡು ಒಳಗೆ ಬಾರಪ್ಪ,” ಎಂದಿತು ಹಿರಿಯದು. “ನಮ್ಮ ಜೊತೆ ಸೇರಿದ ಮೇಲೆ ಎದ್ದರೆ, ಇಲ್ಲಿನ ನಿಯಮಗಳನ್ನು ಕಲಿಯುತ್ತೀಯ.”

“ನಾನು ಕಣ್ಣಾಮುಚ್ಚಾಲೆ ಆಡಲು ಬಂದಿಲ್ಲ. ಹಿಂದಿನ ಕಚೇರಿಯಲ್ಲಿ ನಾನೇ ಯಜಮಾನ. ನನ್ನ ಆದ್ಯತೆಯ ಅಂಕ ಹದಿನೈದು. ತಮ್ಮದು?”

“ಹತ್ತು.”

“ಹಾಗಾದರೆ ಮಾತು ಮುಗಿಯಿತು.”

ಎಂಜಿನಿಯರ್ ಫಿಲೋಮಿನಾ ಅವಸರದಲ್ಲಿ ಅದನ್ನು ಚಾಲೂ ಇದ್ದಂತೆಯೇ ಜೋಡಿಸಿದರು. ಒಡನೆಯೇ ಯಜಮಾನನ ಆಯ್ಕೆ ನಡೆಯಿತು. ಹೆಚ್ಚು ಅಂಕದವನಿಗೆ ಗದ್ದುಗೆ. ಬೇರೆ ಪ್ರಶ್ನೆ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಸೋತ ಮೂರೂ ಮಲಗಿ ಎದ್ದು, ತಮ್ಮ ಹಳೆಯದನ್ನೆಲ್ಲ ಬಿಟ್ಟು, ಹೊಸ ಯಜಮಾನನ ನಿಯಮಗಳನ್ನು ಚಾಚೂ ತಪ್ಪದೆ ನಕಲು ಮಾಡಿಕೊಂಡವು. ಆದರೆ ಹಿಂದಿನ ಕಚೇರಿಯವರು ಅಂಕವೊಂದನ್ನು ಬಿಟ್ಟು ಆ ನಿಯಮಗಳನ್ನೆಲ್ಲ ಪೂರ್ತಿ ಅಳಿಸಿ ಕಳಿಸಿದ್ದರು.

ಕೌಂಟರುಗಳೆಲ್ಲ ನಿಂತುಹೋದವು. ಹೊರಗೆ ಸಾಲಿನಲ್ಲಿದ್ದವರು ಕೂಗತೊಡಗಿದರು.

“ಸುಮ್ಮನೆ ನಿಂತಿರೇಕೆ? ಎಲ್ಲವೂ ಮೊದಲಿನಂತೆಯೇ ನಡೆಯಲಿ,” ಎಂದು ಯಜಮಾನ ಅಪ್ಪಣೆ ಕೊಟ್ಟಿತು.

“ಆಗಲಿ ಸ್ವಾಮಿ,” ಎಂದವು ಮೂರೂ ಬಹಳ ಉತ್ಸಾಹದಿಂದ. “ಮೊದಲು ಹೇಗೆ ನಡೆಯುತ್ತಿತ್ತು?”