ಮೊದಲ ತಪ್ಪಿನ ಬೆಲ್ಲ

"ಗುರುಗಳೇ, ಕಲಿಸಿದವರನ್ನು ಮೀರಿ ಕಲಿತ ಮೇಲೂ ಶಿಷ್ಯನಿಗೆ ಅವರಿಂದ ಆಗಬೇಕಾದದ್ದು ಏನಾದರೂ ಉಳಿದಿರುತ್ತದೆಯೇ?"

ಕೇಳಿದವನು ಅಡವೀಶ. ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿ, ಈಗ ಸುತ್ತಲಿನ ಊರುಗಳಲ್ಲಿ ಪ್ರವಚನ ಹೇಳಿ ಹೆಸರು ಮಾಡಿದ್ದ. ಅವತ್ತು ಬೆಳಿಗ್ಗೆ ಅವನನ್ನು ಹುಡುಕಿಕೊಂಡು ಒಬ್ಬರು ಮುದುಕರು ಒಂದು ಗಂಟು ಹಿಡಿದು ಬಂದಿದ್ದರು. ಚಿಕ್ಕಂದಿನಲ್ಲಿ ಅವನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರು. ಬಂದವರು ಯಾರೆಂದು ಗುರುಗಳು ವಿಚಾರಿಸಿದಾಗ ಅಡವೀಶ, "ನಮ್ಮೂರ ಕಡೆಯವರು" ಎಂದಷ್ಟೇ ಹೇಳಿದ್ದ. ಮುದುಕರು ಇನ್ನೂ ಜಗುಲಿಯ ಮೇಲೆ ಕುಳಿತೇ ಇದ್ದರು.

ಗುರುಗಳು ಆ ವಿಷಯ ಎತ್ತಲಿಲ್ಲ. ಒಂದು ಕತೆ ಹೇಳಿದರು.

ಕಬ್ಬು ಬೆಳೆಯುವ ಸೀಮೆಯಲ್ಲಿ ಒಂದು ಹಳ್ಳಿ. ಅಲ್ಲಿ ಒಬ್ಬ ರೈತ. ಅವನಿಗೊಂದು ಆಲೆಮನೆ, ಒಬ್ಬಳು ಮಗಳು. ಆ ಊರಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಲು ಒಬ್ಬರು ಮೇಷ್ಟ್ರಿದ್ದರು. ಅವರಿಗೆ ಇಂಗ್ಲಿಷ್ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಔಷಧದ ಬಾಟಲಿ, ಗೊಬ್ಬರದ ಚೀಲ, ರೇಡಿಯೋ ವಾರ್ತೆ, ಹೀಗೆ ಸಿಕ್ಕಸಿಕ್ಕಲ್ಲಿಂದ ಕೂಡಿಸಿಕೊಂಡ ಇಂಗ್ಲಿಷ್ ಅದು. ಅವರು ಮಾತಿಗೆ ನಿಂತರೆ ಒಂದು ಸಾಲಿಗೆ ಎರಡು ತಪ್ಪು ಇರಲೇಬೇಕು. ಅದು ಅವರಿಗೂ ಗೊತ್ತಿತ್ತು. ಮುಚ್ಚಿಡುವ ಗೋಜಿಗೆ ಅವರು ಹೋದವರಲ್ಲ.

ಅವರ ತರಗತಿಗೆ ಒಂದು ಪದ್ಧತಿಯಿತ್ತು. ಆಲೆಮನೆಯಲ್ಲಿ ಅಚ್ಚಿನಿಂದ ಬಿಡಿಸುವಾಗ ಮುರಿದ ಬೆಲ್ಲದ ಚೂರುಗಳನ್ನು ರೈತನ ಹತ್ತಿರ ಕೇಳಿ ತಂದು, ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ದಿನದ ಮೊದಲ ತಪ್ಪನ್ನು ಯಾರು ಆಡುತ್ತಾರೋ ಅವರಿಗೆ ಒಂದು ಚೂರು. ಕೊಡುವಾಗ ಹೇಳುವ ಮಾತೂ ದಿನಾ ಒಂದೇ: "ಬಾಯಿ ಬಿಟ್ಟೆಯಲ್ಲ, ತಗೊ." ಆಮೇಲೆ ಎಲ್ಲರೂ ಕೂಡಿ ಆ ತಪ್ಪನ್ನು ತಿದ್ದಬೇಕು. ಮೇಷ್ಟ್ರಿಗೂ ಗೊತ್ತಾಗದಿದ್ದರೆ ನಿಘಂಟು ತೆಗೆಯಬೇಕು.

"ತಪ್ಪು ಮಾಡಿದವರಿಗೆ ಬೆಲ್ಲವೇ?" ಅಡವೀಶ ನಕ್ಕ.

"ಬೆತ್ತ ಕೊಡುವ ಶಾಲೆಗಳು ಬೇಕಾದಷ್ಟಿವೆ. ಮುಂದೆ ಕೇಳು" ಎಂದರು ಗುರುಗಳು.

ರೈತನ ಮಗಳಷ್ಟು ಬೆಲ್ಲ ತಿಂದವರು ಆ ಶಾಲೆಯಲ್ಲಿ ಇನ್ನೊಬ್ಬರಿಲ್ಲ. ಮನೆಯಲ್ಲಿ ಮಣಗಟ್ಟಲೆ ಬೆಲ್ಲವಿದ್ದ ಹುಡುಗಿ, ಮೇಷ್ಟ್ರ ಒಂದು ಚೂರಿಗಾಗಿ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದಳು. ತಪ್ಪು ಮಾಡುತ್ತ ಮಾಡುತ್ತ ಅವಳಿಗೆ ಇಂಗ್ಲಿಷ್ ಬಂತು. ತಾನೂ ಇಂಗ್ಲಿಷ್ ಕಲಿಸುವವಳಾಗಬೇಕೆಂಬ ಆಸೆಯೂ ಹುಟ್ಟಿತು. ಶಾಲೆಯ ಓದು ಮುಗಿಯುವ ಹೊತ್ತಿಗೆ ಸಮುದ್ರದಾಚೆಯ ಒಂದು ದೇಶದ ಕಾಲೇಜು ಇಂಥ ಆಸೆಯುಳ್ಳವರನ್ನು ಕರೆಸಿಕೊಂಡು, ಊಟ ವಸತಿಯೊಂದಿಗೆ ತರಬೇತಿ ಕೊಡುತ್ತದೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಕತ್ತರಿಸಿ ತಂದವರು ಮೇಷ್ಟ್ರು. ಜೊತೆಗೆ ಕೂತು ಅರ್ಜಿಯನ್ನು ಮೂರು ಸಲ ಬರೆಸಿದವರೂ ಅವರೇ.

ರೈತನಿಗೆ ಮನಸ್ಸಿರಲಿಲ್ಲ. "ಇಂಗ್ಲಿಷ್ ಕಲಿಸೋದ ಕಲಿಯಕ್ಕೆ ಅಷ್ಟು ದೂರ ಯಾಕೆ ಮೇಷ್ಟ್ರೇ? ಇಲ್ಲಿ ನೀವಿದ್ದೀರಲ್ಲ?"

"ನಾನು ಇರೋದಕ್ಕೇ ಕಣಪ್ಪ ಅವಳು ಹೋಗಬೇಕಾದ್ದು" ಎಂದರು ಮೇಷ್ಟ್ರು.

ಹುಡುಗಿ ಹೋದಳು. ಕಾಲೇಜಿನ ಮೊದಲ ದಿನ ಪ್ರಾಧ್ಯಾಪಕಿ ಒಬ್ಬೊಬ್ಬರನ್ನೂ ನಿಲ್ಲಿಸಿ, ನಿಮಗೆ ಈ ಭಾಷೆ ಕಲಿಸಿದವರು ಯಾರು ಎಂದು ಕೇಳಿದರು. ಉಳಿದವರು ದೊಡ್ಡ ದೊಡ್ಡ ಶಾಲೆಗಳ ಹೆಸರು ಹೇಳಿದರು. ಹುಡುಗಿಯ ಕಣ್ಣ ಮುಂದೆ ಮೇಷ್ಟ್ರು, ಅವರ ತಗಡಿನ ಡಬ್ಬಿ, ಸಾಲಿಗೆರಡು ತಪ್ಪು, ಎಲ್ಲವೂ ಬಂದು ನಿಂತವು. "ಯಾರೂ ಇಲ್ಲ. ನಾನೇ ಓದಿಕೊಂಡು ಕಲಿತೆ" ಎಂದುಬಿಟ್ಟಳು. ಎಲ್ಲರೂ ಭೇಷ್ ಎಂದರು. ಅವಳಿಗೆ ಅವತ್ತು ಊಟ ರುಚಿಸಲಿಲ್ಲ.

ಎರಡು ವರ್ಷ ಅವಳು ತನ್ನ ಮಾತಿನಿಂದ ಮೇಷ್ಟ್ರನ್ನು ಉಜ್ಜಿ ಉಜ್ಜಿ ತೊಳೆದಳು. ತಿಂಗಳಿಗೊಮ್ಮೆ ಅವರ ಇಂಗ್ಲಿಷ್ ಪತ್ರ ಬರುತ್ತಿತ್ತು. ಓದಿ, ಯಾರ ಕಣ್ಣಿಗೂ ಬೀಳದ ಹಾಗೆ ಪೆಟ್ಟಿಗೆಯ ತಳಕ್ಕೆ ಹಾಕುತ್ತಿದ್ದಳು. ಆದರೆ ಒಂದನ್ನೂ ಹರಿದು ಬಿಸಾಡಲಿಲ್ಲ. ಅಷ್ಟು ಮಟ್ಟಿಗೆ ಒಳ್ಳೆಯವಳು.

ಕಡೆಯ ಪರೀಕ್ಷೆ ಬರೆಯುವ ಪರೀಕ್ಷೆಯಲ್ಲ. ಆ ದೇಶಕ್ಕೆ ಹೊಸದಾಗಿ ಬಂದು ಸೇರಿದ, ಅಲ್ಲಿನ ಮಾತು ಬಾರದ ಹತ್ತು ಮಂದಿಯನ್ನು ಅವಳಿಗೆ ಒಪ್ಪಿಸಿದರು. ಒಬ್ಬ ದರ್ಜಿ, ಒಬ್ಬ ಅಡುಗೆಯವನು, ಯಾವಾಗಲೂ ಬಾಗಿಲ ಪಕ್ಕವೇ ಕೂರುವ ಒಬ್ಬ ಮುದುಕಿ, ಇಂಥವರು. ಆರು ವಾರದಲ್ಲಿ ಅವರು ಮಾತಾಡಬೇಕು. ಇಲ್ಲವಾದರೆ ಅವಳಿಗೆ ಪ್ರಮಾಣಪತ್ರವಿಲ್ಲ, ಬರಿಗೈಯಲ್ಲಿ ಊರಿಗೆ ವಾಪಸು.

ಹುಡುಗಿ ಅಚ್ಚುಕಟ್ಟಾಗಿ ಪಾಠ ಮಾಡಿದಳು. ಅವಳ ಮಾತಿನಲ್ಲಿ ಈಗ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಎದುರಿಗಿದ್ದವರು ಕೇಳಿದರು, ತಲೆಯಾಡಿಸಿದರು, ಎದ್ದು ಹೋದರು. ಅಷ್ಟು ಚೆಂದದ ಮಾತಿನ ಮುಂದೆ ತಮ್ಮ ಹರಕುಮುರುಕನ್ನು ಬಿಚ್ಚಲು ಅವರಿಗೆ ನಾಚಿಕೆ. ಮುದುಕಿಗಂತೂ ಮಂಡಿನೋವು. ಆಸ್ಪತ್ರೆಗೆ ಹೋಗಿ, ಎಲ್ಲಿ ನೋವೆಂದು ಹೇಳಲಾರದೆ ಹಾಗೇ ಹಿಂದಿರುಗಿದ್ದಳು. ಐದು ವಾರ ಕಳೆಯಿತು. ಒಬ್ಬರೂ ಬಾಯಿ ಬಿಡಲಿಲ್ಲ.

ಆರನೆಯ ವಾರ ಪ್ರಾಧ್ಯಾಪಕಿ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಗಾಬರಿಯಲ್ಲಿ ಹುಡುಗಿಯ ಬಾಯಿಂದ ಮೇಷ್ಟ್ರ ಇಂಗ್ಲಿಷೇ ಹೊರಬಿತ್ತು. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಿಂತುಬಿಟ್ಟಳು. ಏನೋ ತಪ್ಪಾಯಿತೆಂಬುದು ಅವಳ ಮುಖ ನೋಡಿದವರಿಗೆಲ್ಲ ಗೊತ್ತಾಯಿತು. ಐದು ವಾರ ತಲೆ ತಗ್ಗಿಸಿ ಕೂತಿದ್ದ ಮುದುಕಿ ಆಗ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದಳು.

ಇವತ್ತಿನ ಮೊದಲ ತಪ್ಪು! ಹುಡುಗಿಗೆ ಆಗ ನೆನಪಾದದ್ದು ಅದೊಂದೇ. ಊರಿನಿಂದ ಅವ್ವ ಕಳಿಸಿದ್ದ ಬೆಲ್ಲದ ಅಚ್ಚೊಂದು ಅವಳ ಚೀಲದಲ್ಲಿತ್ತು. ಅದನ್ನು ತೆಗೆದು, ಮೇಜಿನ ಅಂಚಿಗೆ ಕುಟ್ಟಿ ಮುರಿದು, ಒಂದು ಚೂರನ್ನು ತನ್ನ ಬಾಯಿಗೇ ಹಾಕಿಕೊಂಡಳು. ಉಳಿದದ್ದನ್ನು ಎಲ್ಲರ ಮುಂದೆ ಇಟ್ಟಳು. ತಪ್ಪು ಆಡಿದವರಿಗೆ ಇದು ಎಂದು ಕೈಸನ್ನೆಯಲ್ಲಿ ತಿಳಿಸಿದಳು. ದರ್ಜಿಗೆ ನಗು ಬಂತು. ಮುದುಕಿ ಮಂಡಿಯ ಮೇಲೆ ಕೈಯೂರಿ ಎದ್ದು ನಿಂತು ನಾಲ್ಕು ಪದ ಹೇಳಿದಳು. ನಾಲ್ಕೂ ತಲೆಕೆಳಗು. ಆದರೆ ನೋವು ಎಲ್ಲಿ ಎಂಬುದು ಕೋಣೆಯಲ್ಲಿದ್ದವರಿಗೆಲ್ಲ ತಿಳಿಯಿತು.

"ಬಾಯಿ ಬಿಟ್ಟಿರಲ್ಲಮ್ಮ, ತಗೊಳ್ಳಿ" ಎಂದಳು ಹುಡುಗಿ, ಕನ್ನಡದಲ್ಲೇ. ಅದರ ಅರ್ಥವನ್ನು ಯಾರೂ ಕೇಳಲಿಲ್ಲ.

ಮರುದಿನದಿಂದ ಆ ತರಗತಿಯಲ್ಲಿ ಮೊದಲ ತಪ್ಪು ತನ್ನದಾಗಲಿ ಎಂದು ಪೈಪೋಟಿ. ವಾರ ಮುಗಿಯುವುದರೊಳಗೆ ಮುದುಕಿ ಒಬ್ಬಳೇ ಆಸ್ಪತ್ರೆಗೆ ಹೋಗಿ, ಹೇಳಬೇಕಾದದ್ದನ್ನು ಹೇಳಿ, ಔಷಧ ತಂದಳು. ಅದನ್ನು ಹುಡುಗಿಗೆ ತೋರಿಸಿ ಅವಳ ಕೆನ್ನೆ ಸವರಿದಳು. ಮೇಷ್ಟ್ರು ತನಗೆ ಎಂಥ ಉಪಕಾರ ಮಾಡಿದ್ದರೆಂಬುದು ಹುಡುಗಿಗೆ ತಿಳಿದದ್ದು ಆಗ. ಅವರು ಇಂಗ್ಲಿಷ್ ಕಲಿಸಿದ್ದು ಕಡಿಮೆ, ಹೆದರಿಕೆ ಬಿಡಿಸಿದ್ದು ಹೆಚ್ಚು. ಅವರಿಲ್ಲದಿದ್ದರೆ ತಾನೂ ಎಲ್ಲೋ ಒಂದು ಬಾಗಿಲ ಪಕ್ಕ ಬಾಯಿ ಮುಚ್ಚಿ ಕೂತಿರುತ್ತಿದ್ದೆ ಎಂದುಕೊಂಡಳು. ಪೆಟ್ಟಿಗೆಯ ತಳದಿಂದ ಪತ್ರಗಳನ್ನು ತೆಗೆದು ಒಂದೊಂದನ್ನೂ ಮತ್ತೆ ಓದಿದಳು. ಒಂದು ತಪ್ಪೂ ಕಣ್ಣಿಗೆ ಬೀಳಲಿಲ್ಲ.

ಪ್ರಾಧ್ಯಾಪಕಿ ಕೇಳಿದರು: "ಈ ಕ್ರಮವನ್ನು ಯಾವ ಪುಸ್ತಕದಲ್ಲಿ ಓದಿದೆ?" ಮೇಷ್ಟ್ರ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಆದರೆ ಮೊದಲ ದಿನ ಆಡಿದ ಸುಳ್ಳು ಅಲ್ಲೇ ಅಡ್ಡ ನಿಂತಿತ್ತು. "ನನಗೇ ಹೊಳೆಯಿತು" ಎಂದಳು. ಅವರು ಮೆಚ್ಚಿ, ಅದು ಅವಳ ಸ್ವಂತ ಶೋಧವೆಂದು ಪ್ರಮಾಣಪತ್ರದಲ್ಲಿ ಬರೆದುಕೊಟ್ಟರು.

ಊರಿಗೆ ಬಂದ ಹುಡುಗಿ ಮನೆಯಲ್ಲಿ ಪೆಟ್ಟಿಗೆ ಇಳಿಸಿದವಳೇ ಶಾಲೆಗೆ ನಡೆದಳು. ಮೇಷ್ಟ್ರು ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಮಕ್ಕಳೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. ಸಾಲಿಗೆ ಎರಡು ತಪ್ಪು ಎಂದಿನಂತೆಯೇ ಇದ್ದವು. ಸ್ವಂತ ಶೋಧವೆಂಬ ಸಾಲನ್ನೂ ಅಷ್ಟೇ ಹಿಗ್ಗಿನಿಂದ ಓದಿ, "ನೋಡ್ರೋ, ನಮ್ಮ ಹುಡುಗಿ!" ಎಂದರು.

ಹುಡುಗಿಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಆ ಸಾಲು ತಪ್ಪು. ಅದು ನಿಮ್ಮ ಬೆಲ್ಲದ ಡಬ್ಬಿ. ನಂಗೆ ಕಲಿಸಿದೋರು ಯಾರೂ ಇಲ್ಲ ಅಂತ ಅಲ್ಲಿ ಸುಳ್ಳು ಹೇಳ್ಬಿಟ್ಟೆ."

ಮೇಷ್ಟ್ರು ಕಾಗದವನ್ನು ಮಡಚಿ ಅವಳ ಕೈಗೆ ಕೊಟ್ಟರು. ಅವರಿಗೆ ನೋವಾಗಲಿಲ್ಲ ಎಂದರೆ ಕತೆ ಸುಳ್ಳಾಗುತ್ತದೆ. ಆಮೇಲೆ ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದು, ಇದ್ದುದರಲ್ಲಿ ದೊಡ್ಡ ಚೂರನ್ನು ಆರಿಸಿದರು.

"ಇವತ್ತಿನ ಮೊದಲ್ನೇದು ಓದುವಾಗ ನಂದೇ ಆಯ್ತು. ಇರ್ಲಿ, ನಿಂದು ದೊಡ್ಡದು, ನಿಂಗೇ ಸೇರ್ಬೇಕು. ಬಾಯಿ ಬಿಟ್ಟೆಯಲ್ಲವ್ವ, ತಗೊ."

ಹುಡುಗಿ ಮೊದಲು ಅವರ ಪಾದ ಮುಟ್ಟಿದಳು, ಆಮೇಲೆ ಬೆಲ್ಲಕ್ಕೆ ಕೈಯೊಡ್ಡಿದಳು. ತಪ್ಪನ್ನು ಎಲ್ಲರೂ ಕೂಡಿ ತಿದ್ದಬೇಕೆಂಬುದು ಆ ತರಗತಿಯ ನಿಯಮವಲ್ಲವೇ? ಅಲ್ಲೇ ಕೂತು ಪ್ರಾಧ್ಯಾಪಕಿಗೆ ಪತ್ರ ಬರೆದರು. ಮಕ್ಕಳು ಒಂದೊಂದು ಸಾಲು ಹೇಳಿಕೊಟ್ಟರು. ಮೇಷ್ಟ್ರ ಹೆಸರನ್ನು ಮಾತ್ರ ಹುಡುಗಿ ಯಾರಿಗೂ ಬಿಡದೆ ತಾನೇ ಬರೆದಳು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ಜಗುಲಿಯ ಕಡೆ ನೋಡಿದ. ಮುದುಕರು ತಂದಿದ್ದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಇವನ ದಾರಿಯನ್ನೇ ಕಾಯುತ್ತಿದ್ದರು.

"ಬೆಳಿಗ್ಗೆ ಬಂದವರು ಯಾರೆಂದು ಇನ್ನೊಮ್ಮೆ ಹೇಳು, ಅಡವೀಶ; ಅಡುಗೆಮನೆಯಲ್ಲಿ ಬೆಲ್ಲವಿದೆ" ಎಂದರು ಗುರುಗಳು.